ಹೊತ್ತಿಗೊಂದು ಹದ, ಉಕ್ಕಿದ್ದಕ್ಕೊಂದು ಹೊಂಡ

ಹೋದ ವರ್ಷ ನವೆಂಬರ್ 20ರ ರಾತ್ರಿ 11 ಗಂಟೆಗೆ ನಾನು ಒಂದು ಸೊನ್ನೆ ಬಿಟ್ಟೆ.

ನಾನು ಚಿತ್ರದುರ್ಗದಲ್ಲಿ ಜಿಎಸ್‌ಟಿ, ಆದಾಯ ತೆರಿಗೆ ಲೆಕ್ಕ ನೋಡುವವಳು. ಸಣ್ಣ ಆಫೀಸು. ಜೊತೆಗೆ ಕೆಲಸ ಮಾಡುವ ಒಬ್ಬ ಹುಡುಗಿ. ಐವತ್ತಕ್ಕೂ ಜಾಸ್ತಿ ಗಿರಾಕಿಗಳು. ಕಿರಾಣಿ ಅಂಗಡಿಯವರು, ಬೀಜ ಗೊಬ್ಬರ ಮಾರುವವರು, ಲಾರಿ ಇಟ್ಟವರು, ಚಳ್ಳಕೆರೆ ಕಡೆಯ ಶೇಂಗಾ ಎಣ್ಣೆ ವ್ಯಾಪಾರಿಗಳು. ನಮ್ಮ ಕಸುಬಿನಲ್ಲಿ ತಿಂಗಳು ಅಂದರೆ ಮೂರು ತಾರೀಖು. 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1. 14ಕ್ಕೆ ಖರೀದಿಯ ಪಟ್ಟಿ, ಅಂದರೆ 2ಬಿ, ಪೋರ್ಟಲ್‌ನಲ್ಲಿ ತಾನಾಗಿ ಬಂದು ಕೂರುತ್ತದೆ. 20ಕ್ಕೆ ತೆರಿಗೆ ಕಟ್ಟಿ 3ಬಿ, ಅಂದರೆ ಆ ತಿಂಗಳ ತೆರಿಗೆಯ ರಿಟರ್ನ್, ಸಲ್ಲಿಸಬೇಕು. ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ಜೊತೆಗೆ ಕಟ್ಟದ ತೆರಿಗೆಗೆ ವರ್ಷಕ್ಕೆ ಶೇ 18ರ ಬಡ್ಡಿ. 3ಬಿಯನ್ನು ಒಮ್ಮೆ ಸಲ್ಲಿಸಿದರೆ ಮತ್ತೆ ತಿದ್ದಲು ಬರುವುದಿಲ್ಲ. ತಪ್ಪಾಗಿದ್ದರೆ ಮುಂದಿನ ತಿಂಗಳವರೆಗೆ ಕಾಯಬೇಕು.

ಆ ರಾತ್ರಿ ನನ್ನ ಮುಂದೆ ಇದ್ದದ್ದು ಒಬ್ಬ ಎಣ್ಣೆ ವ್ಯಾಪಾರಿಯ 3ಬಿ. ಹೊಸ ಶೇಂಗಾ ಮಾರುಕಟ್ಟೆಗೆ ಬರುವ ಕಾಲ ಅದು. ಅವರ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ, ಎಲ್ಲ ಖರೀದಿಗೆ ಹೋಗಿರುತ್ತದೆ. ಖರೀದಿಯ ಮೇಲೆ ಸಿಗುವ ತೆರಿಗೆ ಜಮೆಯ ಅಂಕಿ ತಿದ್ದುವಾಗ ಒಂದು ಸೊನ್ನೆ ಬಿಟ್ಟುಹೋಯಿತು. ಜಮೆ ಕಡಿಮೆ ತೋರಿಸಿತು, ನಗದು ಜಾಸ್ತಿ ಕೇಳಿತು. ನಿದ್ದೆಗಣ್ಣಲ್ಲಿ ನಾನು ಆ ಅಂಕಿಯನ್ನೇ ಅವರಿಗೆ ಹೇಳಿದೆ. ಅವರು ಅಷ್ಟು ಹೊತ್ತಿನಲ್ಲಿ ಅವರಿವರನ್ನು ಕೇಳಿ, ಹೊಂದಿಸಿ ಕಟ್ಟಿದರು. ಬೆಳಿಗ್ಗೆ ನೋಡಿದಾಗ ಗೊತ್ತಾಯಿತು. ಆ ದುಡ್ಡು ಹಾಳಾಗಲಿಲ್ಲ, ಮುಂದಿನ ತಿಂಗಳು ಸರಿಹೋಯಿತು. ಆದರೆ ಸೀಸನ್‌ನಲ್ಲಿ ಒಂದು ತಿಂಗಳು ಅವರ ಕೈ ಕಟ್ಟಿಹಾಕಿದ ಹಾಗಾಯಿತು. ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ಅಕ್ಕಾ, ನೀವು ನಿದ್ದೆ ಮಾಡ್ತೀರೋ ಇಲ್ಲೋ?" ಅಂದರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಆ ದಿನ ನಾನು ಒಂದು ನಿಮಿಷವೂ ಸುಮ್ನೆ ಕೂತಿರಲಿಲ್ಲ. ಐದಕ್ಕೆ ಎದ್ದಿದ್ದೆ. ಒಲೆಯ ಮೇಲೆ ಸಾರು ಕುದಿಯುವಾಗ ವಾಟ್ಸಾಪ್‌ನಲ್ಲಿ ಬಂದ ಬಿಲ್ಲುಗಳ ಫೋಟೊ ಇಳಿಸಿಕೊಂಡಿದ್ದೆ. ಆಫೀಸಿಗೆ ಹೋಗುವ ದಾರಿಯಲ್ಲಿ ಮೂರು ಫೋನು. ಊಟ ಮಾಡುತ್ತಾ ನೋಟಿಸ್‌ಗೆ ಉತ್ತರ. ವರ್ಷಗಟ್ಟಲೆ ನಾನು ಕಲಿತ ಸಮಯ ನಿರ್ವಹಣೆ ಇದೇ. ಎಲ್ಲಿ ಖಾಲಿ ಕಾಣುತ್ತದೋ ಅಲ್ಲಿ ಏನಾದರೂ ತುರುಕು. ಬೆಳಿಗ್ಗೆ ಬೇಗ ಏಳುವುದನ್ನು ಮಾಡಿದ್ದೆ. ಮೊಬೈಲಿನಲ್ಲಿ ಕೆಲಸದ ಪಟ್ಟಿ ಇಡುವ ಆ್ಯಪ್‌ಗಳನ್ನು ಬದಲಾಯಿಸಿ ಬದಲಾಯಿಸಿ ನೋಡಿದ್ದೆ. ಪೊಮೊಡೊರೊ ಪದ್ಧತಿಯನ್ನೂ ಮಾಡಿದ್ದೆ. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ, ಕಾಲೇಜು ಓದುವಾಗ, ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು ಶುರು ಮಾಡಿದ ಪದ್ಧತಿ ಅದು. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಬಿಲ್ಲು ಎಂಟ್ರಿ ಮಾಡುವ ಕೆಲಸಕ್ಕೆ ಅದು ಈಗಲೂ ನನಗೆ ಇಷ್ಟ. ಆದರೆ ಎರಡು ಪಟ್ಟಿ ಪಕ್ಕ ಪಕ್ಕ ಇಟ್ಟು ತಾಳೆ ನೋಡುವಾಗ ಆಗುವುದಿಲ್ಲ. ವ್ಯತ್ಯಾಸದ ಎಳೆ ಈಗ ಕೈಗೆ ಸಿಕ್ಕಿತು ಅನ್ನುವಾಗಲೇ ಗಂಟೆ ಹೊಡೆಯುತ್ತದೆ.

ಆ ವಾರ ಊರಿಗೆ ಹೋದೆ. ಅಪ್ಪ ಚಳ್ಳಕೆರೆ ತಾಲ್ಲೂಕಿನ ಹಳ್ಳಿಯಲ್ಲಿ ಇದ್ದಾನೆ. ಮಳೆ ನಂಬಿದ ಹೊಲ, ಶೇಂಗಾ ಬೆಳೆ. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಅಂಥ ಕಡೆ ಚಳ್ಳಕೆರೆ ಎಣ್ಣೆ ಗಿರಣಿಗಳ ಊರಾಗಿ ಹೆಸರು ಮಾಡಿದ್ದು ನನಗೆ ಯಾವಾಗಲೂ ಹೆಮ್ಮೆ. ಅಪ್ಪ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಅವನಿಗೆ ಎಪ್ಪತ್ತು ದಾಟಿದೆ. ಜೀವನದಲ್ಲಿ ಕೈಗಡಿಯಾರ ಕಟ್ಟಿದವನಲ್ಲ. ಆದರೆ ಬಿತ್ತನೆ ತಡವಾಯಿತು ಅಂತ ಅವನು ಹೇಳಿದ್ದನ್ನು ನಾನು ಕೇಳಿಲ್ಲ. ಮಳೆ ತಡವಾಯಿತು ಅಂತ ಹೇಳಿದ್ದಾನೆ, ಅದು ಬೇರೆ.

ಅಪ್ಪನ ಕ್ಯಾಲೆಂಡರಿನಲ್ಲಿ ವಾರ ಇಲ್ಲ, ತಿಂಗಳಿಲ್ಲ. ಮಳೆಗಳಿವೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ, ಅಷ್ಟು ದಿನ ಆ ಹೆಸರಿನ ಮಳೆ. ಏಪ್ರಿಲ್ ಕೊನೆಗೆ ಭರಣಿ. ಆಮೇಲೆ ಕೃತಿಕಾ, ರೋಹಿಣಿ, ಮೃಗಶಿರ, ಆರಿದ್ರ... ಹೀಗೆ ಅಕ್ಟೋಬರ್ ಕೊನೆಯ ಸ್ವಾತಿಯವರೆಗೆ. "ರೋಹಿಣಿಯಾಗೆ ಹೊಲ ಹರಗಿ ಇಡಬೇಕು, ಆರಿದ್ರದಾಗೆ ಬಿತ್ತಬೇಕು" ಅಂತ ಅವನು ಹೇಳಿದರೆ, ಆ ಹದಿನಾಲ್ಕು ದಿನಗಳಲ್ಲಿ ಯಾವ ದಿನ ಅಂತ ಹೇಳುವುದಿಲ್ಲ. ಅದನ್ನು ಹೇಳುವುದು ಹದ.

ಹದ ಅನ್ನುವ ಮಾತು ನಮ್ಮಲ್ಲಿ ಎಷ್ಟು ಕಡೆ ಬರುತ್ತದೆ ನೋಡಿ. ಪಾಕಕ್ಕೆ ಹದ, ಹಿಟ್ಟಿಗೆ ಹದ, ಮಾತಿಗೂ ಹದ. ಮಣ್ಣಿನ ಹದ ಅಂದರೆ ತೇವ ಹೆಚ್ಚೂ ಆಗದೆ, ಕಡಿಮೆಯೂ ಆಗದೆ ಇರುವ ಸ್ಥಿತಿ. ಮಳೆ ನಿಂತ ತಕ್ಷಣ ಹೊಲಕ್ಕೆ ಇಳಿದರೆ ಮಣ್ಣು ಕುಂಟೆಗೆ ಅಂಟುತ್ತದೆ. ನಾಲ್ಕು ದಿನ ಬಿಟ್ಟರೆ ನಮ್ಮ ಕೆಂಪು ಮಣ್ಣು ಕಲ್ಲಾಗುತ್ತದೆ. ಅಪ್ಪ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟುತ್ತಾನೆ. ಎದೆಯ ಎತ್ತರದಿಂದ ಬೀಳಿಸುತ್ತಾನೆ. ಹಾಗೇ ಉಳಿದರೆ ಇನ್ನೂ ಹಸಿ. ಉಂಡೆಯೇ ಕಟ್ಟದಿದ್ದರೆ ತಡವಾಯಿತು. ಬಿದ್ದು ಸಡಿಲವಾಗಿ ಒಡೆದರೆ ಬೀಜ ಬಿತ್ತುವ ಕೂರಿಗೆ ಕಟ್ಟು ಅಂತ. ಹದ ಇರುವುದು ಎರಡು ಮೂರು ದಿನ ಅಷ್ಟೇ. ಆ ಎರಡು ಮೂರು ದಿನ ನಮ್ಮ ಮನೆಯಲ್ಲಿ ಮದುವೆ ಇದ್ದರೂ ಅಪ್ಪ ಹೋಗುತ್ತಿರಲಿಲ್ಲ. ಕತ್ತಲಿರುವಾಗಲೇ ಹೊಲದಲ್ಲಿ ಇರುತ್ತಿದ್ದ. ಉಳಿದ ದಿನಗಳಲ್ಲಿ ಹೀಗೆ, ಹಗ್ಗ ಹೊಸೆಯುವುದು, ಕೂರಿಗೆಯ ತಾಳು ನೋಡುವುದು, ಬೀಜ ಆರಿಸುವುದು. ಶೇಂಗಾ ಕೀಳುವಾಗಲೂ ಅಷ್ಟೇ. ಮಣ್ಣು ಒಣಗಿದ ಮೇಲೆ ಕಿತ್ತರೆ ಗಿಡ ಕೈಗೆ ಬರುತ್ತದೆ, ಕಾಯಿ ನೆಲದಲ್ಲೇ ಉಳಿಯುತ್ತದೆ.

ನನ್ನ ಸೊನ್ನೆಯ ಕಥೆ ಹೇಳಿದೆ. ಅಪ್ಪ ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಹದ ನೋಡಿ ಹರಗು, ಬೆದೆ ನೋಡಿ ಬಿತ್ತು ಅಂತಾರೆ. ನೀನು ರಾತ್ರಿ ಹನ್ನೊಂದಕ್ಕೆ ಬಿತ್ತಕ್ಕೆ ಹೋಗಿದೀಯಲ್ಲವ್ವ" ಅಂದ.

ನನ್ನ ಹದ ಯಾವುದು ಅಂತ ನನಗೆ ಗೊತ್ತಿರಲಿಲ್ಲ. ನಲವತ್ನಾಲ್ಕು ವರ್ಷ ಆಗಿದೆ. ಯಾವ ಹೊತ್ತಿನಲ್ಲಿ ನನ್ನ ತಲೆ ಚೆನ್ನಾಗಿ ಓಡುತ್ತದೆ ಅಂತ ಒಂದು ಸಲವೂ ನೋಡಿಕೊಂಡಿರಲಿಲ್ಲ.

ವಾಪಸ್ ಬಂದು ಒಂದು ಹಳೆಯ ರೋಕಡಿ ಪುಸ್ತಕ ತೆಗೆದೆ. ಅಪ್ಪನ ಲೆಕ್ಕದಲ್ಲಿ ಒಂದು ಮಳೆ, ಅಂದರೆ 14 ದಿನ, ಹೊತ್ತಿನ ಜಮಾಖರ್ಚು ಬರೆದೆ. ಎಡಗಡೆ ಕೆಲಸ ಮತ್ತು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವ ನನ್ನ ಅಂದಾಜು. ಬಲಗಡೆ ನಿಜವಾಗಿ ಹಿಡಿದದ್ದು. ಬದಿಯಲ್ಲಿ ಒಂದು ಸಣ್ಣ ಗುರುತು: ತಲೆ ಹಸಿಯೋ, ಹದವೋ, ಒಣಗಿದೆಯೋ. ಕಷ್ಟದ ಕೆಲಸವೇನಲ್ಲ. ಆದರೆ ಆ ಪುಸ್ತಕ ತೆರೆದು ನೋಡುವುದು ಕಷ್ಟವಾಯಿತು.

ಮೊದಲು ಕಂಡದ್ದು ಅಂದಾಜಿನ ಸುಳ್ಳು. ಒಂದು ಗಂಟೆ ಅಂದುಕೊಂಡದ್ದು ಒಂದೂವರೆ, ಕೆಲವು ಸಲ ಎರಡು. 14 ದಿನದಲ್ಲಿ ಅಂದಾಜಿಗಿಂತ ಬೇಗ ಮುಗಿದ ಕೆಲಸ ಮೂರೇ ಮೂರು. ಇಷ್ಟು ವರ್ಷದ ಅನುಭವ ಇದ್ದೂ ಹೀಗಾ ಅಂತ ಬೇಜಾರಾಯಿತು. ಆಮೇಲೆ ಓದಿದಾಗ ಇದು ಮನುಷ್ಯರಿಗೆಲ್ಲ ಇರುವುದೇ ಅಂತ ತಿಳಿಯಿತು. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನ್ಮನ್ ಮತ್ತು ಅಮೋಸ್ ಟ್ವೆರ್‌ಸ್ಕಿ 1979ರಲ್ಲೇ ಇದಕ್ಕೆ 'ಪ್ಲಾನಿಂಗ್ ಫ್ಯಾಲಸಿ' ಅಂತ ಹೆಸರು ಕೊಟ್ಟಿದ್ದರು. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಜೊತೆಗಾರರು ಕೆನಡಾದ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದರು, ನಿಮ್ಮ ಪ್ರಬಂಧ ಎಷ್ಟು ದಿನಕ್ಕೆ ಮುಗಿಯುತ್ತದೆ ಅಂತ. ಸರಾಸರಿ 34 ದಿನ ಅಂದರು. ಎಲ್ಲವೂ ಕೆಟ್ಟುಹೋದರೆ? 49 ದಿನ ಅಂದರು. ನಿಜವಾಗಿ ಹಿಡಿದದ್ದು 55 ದಿನ. ಎಲ್ಲ ಕೆಟ್ಟರೆ ಅಂತ ಹೇಳಿದ ಲೆಕ್ಕವೂ ಸಾಲಲಿಲ್ಲ. ನನಗೆ ಇದು ತುಂಬಾ ಮುಖ್ಯ ಅನಿಸಿತು. ಯಾಕಂದ್ರೆ ನಾವು ಕೆಲಸ ಲೆಕ್ಕ ಹಾಕುವಾಗ ಆ ಕೆಲಸವನ್ನು ಮಾತ್ರ ನೋಡುತ್ತೇವೆ. ಮಧ್ಯೆ ಬರುವ ಫೋನು, ಕರೆಂಟು ಹೋಗುವುದು, ಪೋರ್ಟಲ್ ನಿಧಾನವಾಗುವುದು, ಮನೆಗೆ ನೆಂಟರು ಬರುವುದು, ಇದ್ಯಾವುದೂ ಪಟ್ಟಿಯಲ್ಲಿ ಇರುವುದಿಲ್ಲ. ಆದರೆ ಇವು ಬರದ ದಿನ ಯಾವುದಿದೆ ಹೇಳಿ?

ಎರಡನೆಯದು ಹದ. ಅದು ಸ್ಪಷ್ಟವಾಗಿಯೇ ಕಂಡಿತು. 14 ದಿನಗಳಲ್ಲಿ 11 ದಿನ, ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದೂವರೆವರೆಗೆ ಹದದ ಗುರುತು ಇತ್ತು. ಆ ಎರಡು ಗಂಟೆ ನಾನು ಏನು ಮಾಡುತ್ತಿದ್ದೆ? ಫೋನು. ಅಂಗಡಿ ತೆರೆಯುವ ಹೊತ್ತು ಅಲ್ವಾ, ಎಲ್ಲ ಗಿರಾಕಿಗಳೂ ಆಗಲೇ ಮಾಡುತ್ತಾರೆ. ತಾಳೆ ನೋಡುವ ಸೂಕ್ಷ್ಮ ಕೆಲಸವನ್ನು ಸಂಜೆಗೆ, ರಾತ್ರಿಗೆ ತಳ್ಳುತ್ತಿದ್ದೆ. ಹದ ಇದ್ದಾಗ ಹಗ್ಗ ಹೊಸೆದು, ಮಣ್ಣು ಕಲ್ಲಾದ ಮೇಲೆ ಬಿತ್ತುತ್ತಿದ್ದೆ.

ಫೋನು ತಿನ್ನುವುದು ಮಾತಾಡುವ ಐದು ನಿಮಿಷವನ್ನು ಮಾತ್ರ ಅಲ್ಲ ಅಂತಲೂ ಆಗ ಗೊತ್ತಾಯಿತು. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ, ಗಮನದ ಒಂದು ಪಾಲು ಹಿಂದಿನದ್ದರಲ್ಲೇ ಅಂಟಿಕೊಂಡಿರುತ್ತದೆ. ಹಸಿ ಮಣ್ಣು ಕುಂಟೆಗೆ ಅಂಟುವ ಹಾಗೆ. ಒಬ್ಬರ ಲಾರಿ ಬಾಡಿಗೆಯ ತೆರಿಗೆ ಮಾತಾಡಿ ಇನ್ನೊಬ್ಬರ ಪಟ್ಟಿಗೆ ಮರಳಿದರೆ, ಕಣ್ಣು ಪಟ್ಟಿಯ ಮೇಲೆ, ತಲೆ ಲಾರಿಯ ಮೇಲೆ.

ಮೂರನೆಯದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತೇನೆ. ಆ ಪುಸ್ತಕದಲ್ಲಿ ನನ್ನ ಮನೆಗೆಲಸ ದಿನಕ್ಕೆ ಸರಾಸರಿ 4 ಗಂಟೆ 40 ನಿಮಿಷ ಬಂದಿತ್ತು. ಅಡುಗೆ, ಪಾತ್ರೆ, ಬಟ್ಟೆ, ನೀರು ಬಂದಾಗ ತುಂಬಿಸುವುದು, ಅತ್ತೆಯ ಮಾತ್ರೆ, ನಾಳೆ ತಿಂಡಿಗೆ ಏನು ಅನ್ನುವುದು. ಇದನ್ನು ನಾನು ಯಾವತ್ತೂ ಕೆಲಸ ಅಂತ ಲೆಕ್ಕಕ್ಕೆ ಹಿಡಿದಿರಲಿಲ್ಲ. ನಮ್ಮ ದೇಶದಲ್ಲಿ 2019ರಲ್ಲಿ ಸರ್ಕಾರದ ಸಮಯ ಬಳಕೆ ಸಮೀಕ್ಷೆ ನಡೆಯಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು. ಮನೆಗೆಲಸ ಮಾಡುವ ಗಂಡಸರು 97 ನಿಮಿಷ. 2024ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಹೆಂಗಸರದ್ದು 289ಕ್ಕೆ ಇಳಿದಿತ್ತು. ಗಂಡಸರದ್ದೂ ಇಳಿದಿತ್ತು, 88ಕ್ಕೆ. ಈ ಅಂಕಿಗಳನ್ನು ಪಕ್ಕಕ್ಕಿಟ್ಟು ಸಮಯ ನಿರ್ವಹಣೆಯ ಪಾಠ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ನಿಮಗಾಗಿ ಒಂದು ಗಂಟೆ ಇಟ್ಟುಕೊಳ್ಳಿ ಅನ್ನುತ್ತಾರೆ. ಆ ಗಂಟೆಯಲ್ಲಿ ತಿಂಡಿ ಯಾರು ಮಾಡುತ್ತಾರೆ?

ಪುಸ್ತಕವನ್ನು ಗಂಡನ ಮುಂದೆ ಇಟ್ಟೆ. ಜಗಳ ಮಾಡಲಿಲ್ಲ. ಲೆಕ್ಕದವಳಲ್ವಾ, ಅಂಕಿ ತೋರಿಸಿದೆ. ಅವರು ಎರಡು ಸಲ ಓದಿದರು. ಈಗ ವಾರಕ್ಕೆ ನಾಲ್ಕು ರಾತ್ರಿ ಅಡುಗೆ ಅವರದ್ದು. ಅತ್ತೆಯ ಮಾತ್ರೆ ಮಗಳದ್ದು. ಮುದ್ದೆ ಮೊದಮೊದಲು ಗಂಟಾಗುತ್ತಿತ್ತು, ಈಗ ಚೆನ್ನಾಗಿ ಬರುತ್ತದೆ. ನನ್ನ ಇಡೀ ಬದಲಾವಣೆಯಲ್ಲಿ ಅತಿ ಹೆಚ್ಚು ಹೊತ್ತು ಸಿಕ್ಕಿದ್ದು ಇದರಿಂದಲೇ. ಉಳಿದ ಯಾವ ಉಪಾಯವೂ ಇದರ ಹತ್ತಿರಕ್ಕೂ ಬರುವುದಿಲ್ಲ.

ಆದರೂ ಏನೋ ಸರಿಯಾಗುತ್ತಿರಲಿಲ್ಲ. ಬೆಳಗಿನ ಎರಡು ಗಂಟೆ ತಾಳೆ ಕೆಲಸಕ್ಕೆ ಇಟ್ಟೆ. ಆ ಹೊತ್ತಿನಲ್ಲಿ ಫೋನು ಹುಡುಗಿಯ ಮೇಜಿನ ಡ್ರಾದಲ್ಲಿ. ಹನ್ನೊಂದೂವರೆಗೆ ನಾನೇ ಮಾಡುತ್ತೇನೆ ಅಂತ ಎಲ್ಲ ಗಿರಾಕಿಗಳಿಗೂ ತಿಳಿಸಿದೆ. ಹೆಚ್ಚಿನವರು ಒಪ್ಪಿದರು, ಒಬ್ಬರು ಬೇರೆಯವರ ಹತ್ತಿರ ಹೋದರು. ಒಳ್ಳೆಯ ಕೆಲಸ ಆಗತೊಡಗಿತು. ಆದರೆ ಡಿಸೆಂಬರ್ 18, 19 ಬರುತ್ತಿದ್ದ ಹಾಗೆ ಮತ್ತೆ ರಾತ್ರಿ ಹತ್ತಾಯಿತು, ಹತ್ತೂವರೆಯಾಯಿತು. 5ನೇ ತಾರೀಖಿಗೇ ಬಿಲ್ಲು ಕೊಡಿ ಅಂತ ಎಷ್ಟು ಹೇಳಿದರೂ ಕೆಲವರು 18ಕ್ಕೇ ತರುತ್ತಾರೆ. ಅವರನ್ನು ದೂರಲಾರೆ. ಅಂಗಡಿ ಅವರೊಬ್ಬರೇ ನೋಡಿಕೊಳ್ಳುತ್ತಾರೆ, ಅವರಿಗೂ ಹೊತ್ತಿಲ್ಲ.

ಇದಕ್ಕೆ ಉತ್ತರ ಸಿಕ್ಕಿದ್ದು ಕೋಟೆಯಲ್ಲಿ.

ಡಿಸೆಂಬರ್ ಕೊನೆಯ ಭಾನುವಾರ ಮಗಳು ಕೋಟೆಗೆ ಹೋಗೋಣ ಅಂದಳು. ಇದೇ ಊರಲ್ಲಿದ್ದೂ ನಾನು ಮೇಲೆ ಹತ್ತಿ ನಾಲ್ಕೈದು ವರ್ಷವಾಗಿತ್ತು. ಏಳು ಸುತ್ತಿನ ಕೋಟೆ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಒನಕೆ ಓಬವ್ವನ ಕಿಂಡಿ. ನಾವೂ ಅಲ್ಲಿಗೆ ಹೋಗಿ ಬಗ್ಗಿ ನೋಡಿದೆವು. ಆಮೇಲೆ ಗೋಪಾಲಸ್ವಾಮಿ ಹೊಂಡದ ಹತ್ತಿರ ಕೂತು ಮಂಡಕ್ಕಿ ತಿನ್ನುವಾಗ ಮಗಳು ಕೇಳಿದಳು. "ಅಮ್ಮಾ, ಈ ಬಂಡೆ ಮೇಲೆ ಅಷ್ಟು ಜನ ಸೈನಿಕರು, ಕುದುರೆ ಎಲ್ಲ ಇದ್ವಲ್ಲ, ನೀರು ಎಲ್ಲಿಂದ ತರ್ತಿದ್ರು?"

ತರುತ್ತಿರಲಿಲ್ಲ. ಬಿದ್ದದ್ದನ್ನು ಹಿಡಿಯುತ್ತಿದ್ದರು. ಬಂಡೆಗಳ ಮೇಲೆ ಬಿದ್ದ ಮಳೆ ಹರಿದು ಬಂದು ಮೇಲಿನ ಗೋಪಾಲಸ್ವಾಮಿ ಹೊಂಡ ಸೇರುತ್ತದೆ. ಅದು ತುಂಬಿ ಉಕ್ಕಿದರೆ ನೀರು ಅಕ್ಕ ತಂಗಿಯರ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಸಿಹಿನೀರು ಹೊಂಡಕ್ಕೆ. ಅಲ್ಲಿಂದ ಕೆಳಗೆ ಪೇಟೆಯ ಸಂತೆಹೊಂಡಕ್ಕೆ. ಮೇಲೆ ಉಕ್ಕಿದ್ದು ಕೆಳಗಿನವರಿಗೆ ಕುಡಿಯುವ ನೀರಾಗುತ್ತಿತ್ತು. ಮಳೆ ಕಡಿಮೆ ಇರುವ ಊರಿನ ಬುದ್ಧಿ ಅದು. 1779ರಲ್ಲಿ ಹೈದರಾಲಿ ಈ ಕೋಟೆ ಗೆದ್ದ. ಅದಕ್ಕೂ ಮೊದಲು ಮುತ್ತಿಗೆ ಹಾಕಿಯೂ ಆಗದೆ ಹಿಂದೆ ಹೋಗಿದ್ದ. ಬರಿಯ ಗೋಡೆ ಇದ್ದು ನೀರು ಇಲ್ಲದಿದ್ದರೆ ಅಷ್ಟು ತಡೆದುಕೊಳ್ಳಲು ಆಗುತ್ತಿತ್ತಾ?

ಮಗಳಿಗೆ ಇದನ್ನೆಲ್ಲ ಹೇಳುತ್ತಾ ಹೇಳುತ್ತಾ ನಾನೇ ನಿಂತುಹೋದೆ. ಈ ಹೊಂಡ ಕಟ್ಟಿದವರು ಇದು ಉಕ್ಕಬಾರದು ಅಂತ ಕಟ್ಟಲಿಲ್ಲ. ಉಕ್ಕೇ ಉಕ್ಕುತ್ತದೆ ಅಂತ ಒಪ್ಪಿಕೊಂಡು, ಕೆಳಗೆ ಇನ್ನೊಂದನ್ನು ಖಾಲಿ ಇಟ್ಟರು. ನನ್ನ ದಿನದಲ್ಲಿ ಪ್ರತಿ ಗಂಟೆಯೂ ಕಂಠಮಟ್ಟ. ಹತ್ತು ಗಂಟೆಯ ಕೆಲಸ ಉಕ್ಕಿ ಹನ್ನೊಂದಕ್ಕೆ, ಹನ್ನೊಂದರದ್ದು ಮಧ್ಯಾಹ್ನಕ್ಕೆ, ಮಧ್ಯಾಹ್ನದ್ದು ಸಂಜೆಗೆ. ಕೆಳಗೆ ಖಾಲಿ ಹೊಂಡ ಇರಲಿಲ್ಲ. ಕೆಳಗೆ ನನ್ನ ನಿದ್ದೆ ಇತ್ತು, ಮಗಳ ಜೊತೆ ಕೂರುವ ಹೊತ್ತು ಇತ್ತು. ಎಲ್ಲ ಉಕ್ಕಿ ಅಲ್ಲಿಗೇ ನುಗ್ಗುತ್ತಿತ್ತು.

ಜನವರಿಯಿಂದ ಎರಡು ಹೊಂಡ ತೋಡಿದೆ. ದಿನಾ ಸಂಜೆ 4ರಿಂದ 5 ಖಾಲಿ. ಗುರುವಾರ ಮಧ್ಯಾಹ್ನ 2ರ ನಂತರ ಪೂರ್ತಿ ಖಾಲಿ. ಡೈರಿಯಲ್ಲಿ ಆ ಜಾಗದಲ್ಲಿ 'ಹೊಂಡ' ಅಂತಲೇ ಬರೆದಿದ್ದೇನೆ. ಯಾವ ಕೆಲಸವನ್ನೂ ಮೊದಲೇ ಅಲ್ಲಿಗೆ ಹಾಕುವ ಹಾಗಿಲ್ಲ. ಉಕ್ಕಿದ್ದು ಮಾತ್ರ ಅಲ್ಲಿಗೆ ಬರಬೇಕು. ಜೊತೆಗೆ, ಯಾವ ಕೆಲಸಕ್ಕೂ ನನ್ನ ಅಂದಾಜು ಬರೆದು ಅದರ ಅರ್ಧ ಸೇರಿಸುತ್ತೇನೆ. ಎರಡು ಗಂಟೆ ಅನಿಸಿದರೆ ಮೂರು ಗಂಟೆ ಇಡುತ್ತೇನೆ. ತಿಂಗಳಿಗೆ ಎರಡು ಇಡೀ ದಿನ ಖಾಲಿ ಇಡಲು ನೋಡಿದೆ, ಅದು ಆಗಲಿಲ್ಲ. ನನ್ನ ಕಸುಬಿನಲ್ಲಿ ಅಷ್ಟು ಸಾಧ್ಯವಿಲ್ಲ ಅಂತ ಬಿಟ್ಟೆ.

ತೋಡುವುದು ಸುಲಭ. ಖಾಲಿ ಇಡುವುದು ಎಷ್ಟು ಕಷ್ಟ ಗೊತ್ತಾ? ಮೊದಲ ಗುರುವಾರ ಎರಡು ಗಂಟೆಗೆ ಏನೂ ಉಕ್ಕಿರಲಿಲ್ಲ. ಕೈ ಸುಮ್ಮನಿರಲಿಲ್ಲ. ಹೇಗೂ ಖಾಲಿ ಇದ್ದೀನಲ್ಲ ಅಂತ ಮಾರ್ಚ್‌ಗೆ ಮಾಡಬೇಕಾದ ಒಂದು ಕೆಲಸ ತೆಗೆದೆ. ಎರಡನೇ ಗುರುವಾರವೂ ಹಾಗೇ. ಮನೆಯವರಿಗೂ ಗೊತ್ತಾಗಿಬಿಟ್ಟಿತು. "ಗುರುವಾರ ಫ್ರೀ ಇದೀಯಲ್ಲ, ಬ್ಯಾಂಕಿಗೆ ಹೋಗಿ ಬಾ." "ಗುರುವಾರ ಚಿಕ್ಕಮ್ಮನ ಮನೆಗೆ ಹೋಗೋಣ." ಖಾಲಿ ಹೊಂಡ ಕಂಡರೆ ಎಲ್ಲರೂ ಬಿಂದಿಗೆ ತರುತ್ತಾರೆ, ನಾನೇ ಎಲ್ಲರಿಗಿಂತ ಮೊದಲು. ಹೊತ್ತನ್ನು ವ್ಯರ್ಥ ಮಾಡುತ್ತಿದ್ದೇನೆ ಅನ್ನುವ ಅಳುಕು ಎದೆಯಲ್ಲಿ ಕೂತಿತ್ತು. ದುಡಿಯುವ ಮನೆಯಲ್ಲಿ ಬೆಳೆದವರಿಗೆ ಇದು ಇರುತ್ತದೆ.

ಆಗ ನನಗೆ ನೆನಪಾದದ್ದು ಮಾರಿಕಣಿವೆ. ಹಿರಿಯೂರಿನ ಹತ್ತಿರ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ. ಮೈಸೂರು ಅರಸರ ಕಾಲದಲ್ಲಿ, 1907ರಲ್ಲಿ ಕೆಲಸ ಮುಗಿಯಿತು. 1933ರಲ್ಲಿ ತುಂಬಿ ಕೋಡಿ ಬಿತ್ತು. ಆಮೇಲೆ ತುಂಬಲೇ ಇಲ್ಲ. ನಾನು ಚಿಕ್ಕವಳಿದ್ದಾಗ ಅದು ತಳ ಕಾಣುವ ಹಾಗೆ ಇದ್ದದ್ದನ್ನು ನೋಡಿದ್ದೇನೆ. ಇಷ್ಟು ದೊಡ್ಡ ಕಟ್ಟೆ ಯಾಕೆ ಬೇಕಿತ್ತು ಅನ್ನುವ ಮಾತು ಬಸ್ಸಿನಲ್ಲಿ, ಚಹಾದ ಅಂಗಡಿಯಲ್ಲಿ ಕೇಳಿದ್ದೇನೆ. 2022ರ ಸೆಪ್ಟೆಂಬರ್‌ನಲ್ಲಿ ನೀರು 130 ಅಡಿ ಮುಟ್ಟಿತು. 89 ವರ್ಷಗಳ ನಂತರ ಕೋಡಿ ಬಿತ್ತು. ಅಪ್ಪನನ್ನು ಕರೆದುಕೊಂಡು ನೋಡಲು ಹೋಗಿದ್ದೆವು. ಅವನು ಹುಟ್ಟುವ ಮೊದಲು ಆಗಿದ್ದು, ಅವನ ಕಣ್ಣ ಮುಂದೆ ಆಗುತ್ತಿತ್ತು. ಜನ ನೀರಿಗೆ ಕೈಮುಗಿಯುತ್ತಿದ್ದರು. ಅಪ್ಪ ಕೋಡಿಯ ಕಡೆಗೇ ನೋಡುತ್ತಾ, "ಎಂಬತ್ತೊಂಬತ್ತು ವರ್ಷ ಇದನ್ನ ಹಂಗೇ ಕಾಯ್ಕೊಂಡು ಬಂದವ್ರೆ ನೋಡು. ಬರಲ್ಲ ಅಂತ ಮುಚ್ಚಿದ್ರೆ ಇವತ್ತು ಊರು ಇರ್ತಿತ್ತಾ" ಅಂದಿದ್ದ.

ಗುರುವಾರ ಬ್ಯಾಂಕಿಗೆ ಹೋಗಲ್ಲ ಅಂತ ಮನೆಯಲ್ಲಿ ಹೇಳಿದೆ. ಕಾರಣ ಕೇಳಿದಾಗ ಕೋಡಿಯ ಕಥೆ ಹೇಳಿದೆ. ಗಂಡನಿಗೆ ಅರ್ಥವಾಯಿತು.

ಹೊಂಡದ ಬೆಲೆ ಫೆಬ್ರವರಿಯಲ್ಲಿ ಗೊತ್ತಾಯಿತು. ಜಿಎಸ್‌ಟಿಆರ್-1ರ ವಾರದಲ್ಲೇ ನನ್ನ ಜೊತೆ ಕೆಲಸ ಮಾಡುವ ಹುಡುಗಿಗೆ ಜ್ವರ ಬಂತು. ಐದು ದಿನ ಬರಲಿಲ್ಲ. ಹಿಂದಿನ ವರ್ಷವಾಗಿದ್ದರೆ ಅವಳಿಗೆ ಫೋನ್ ಮಾಡಿ, ಮಲಗಿದಲ್ಲಿಂದಲೇ ಸ್ವಲ್ಪ ನೋಡಮ್ಮಾ ಅಂತ ಕೇಳುತ್ತಿದ್ದೆ. ಹಾಗೆ ಕೇಳಿದ್ದೂ ಇದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಈ ಸಲ ಅವಳ ಎಂಟ್ರಿ ಕೆಲಸ ದಿನಾ ನಾಲ್ಕು ಗಂಟೆಯ ಹೊಂಡಕ್ಕೆ ಬಂತು. ಅಲ್ಲಿ ಹಿಡಿಯದ್ದು ಗುರುವಾರಕ್ಕೆ ಇಳಿಯಿತು. ಗುರುವಾರ ಅಂಚಿನವರೆಗೆ ತುಂಬಿತು. ಏಳೂವರೆಗೆ ಬೀಗ ಹಾಕಿದೆ. ರಾತ್ರಿ ಹತ್ತಕ್ಕೆ ಮಲಗಿದ್ದೆ. ಬೆಳಿಗ್ಗೆ ಒಂಬತ್ತೂವರೆಗೆ ತಾಳೆ ನೋಡಲು ಕೂತಾಗ ತಲೆ ಹದವಾಗಿತ್ತು.

ಎಲ್ಲ ತಿಂಗಳೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ಮಾರ್ಚ್ ಕೊನೆಯಲ್ಲಿ ಎರಡೂ ಹೊಂಡ ಉಕ್ಕಿ, ನಾಲ್ಕು ರಾತ್ರಿ ನಿದ್ದೆ ಕೆಟ್ಟಿತು. ವರ್ಷದ ಲೆಕ್ಕ ಮುಗಿಯುವ ತಿಂಗಳು, ಅದಕ್ಕೆ ಎಷ್ಟು ಹೊಂಡ ತೋಡಿದರೂ ಸಾಲದು. ಆದರೆ ಮೊದಲು ನನಗೆ ತಿಂಗಳಿಗೆ ಹತ್ತು ಹನ್ನೆರಡು ರಾತ್ರಿ ಹಾಗಾಗುತ್ತಿತ್ತು. ಏಪ್ರಿಲ್‌ನಲ್ಲಿ ಮೂರು ಗುರುವಾರ ಪೂರ್ತಿ ಖಾಲಿ ಉಳಿದವು. ಒಂದು ಗುರುವಾರ ಮಗಳ ಜೊತೆ ಚಂದ್ರವಳ್ಳಿಗೆ ಹೋಗಿ ಕೆರೆಯ ಏರಿಯ ಮೇಲೆ ಕೂತಿದ್ದೆ. ಅವಳಿಗೆ ಮುಂದೆ ಏನು ಓದಬೇಕು ಅನ್ನುವ ಗೊಂದಲ. ಎರಡು ಗಂಟೆ ಮಾತಾಡಿದಳು. ನಾನು ಒಂದು ಸಲವೂ ಫೋನ್ ನೋಡಲಿಲ್ಲ, ಅದು ಆಫೀಸಿನ ಡ್ರಾದಲ್ಲಿತ್ತು.

ನವೆಂಬರ್‌ನ ಆ ಎಣ್ಣೆ ವ್ಯಾಪಾರಿ ಈಗಲೂ ನನ್ನ ಹತ್ತಿರವೇ ಇದ್ದಾರೆ. ಅವರ 3ಬಿಯನ್ನು ನಾನು 16ನೇ ತಾರೀಖು ಬೆಳಿಗ್ಗೆ ಹತ್ತು ಗಂಟೆಗೆ ಮಾಡುತ್ತೇನೆ. ಪ್ರತಿ ಅಂಕಿಯನ್ನೂ ಬಾಯಿಬಿಟ್ಟು ಓದುತ್ತೇನೆ. ಹುಡುಗಿ ಇನ್ನೊಂದು ಕಡೆಯಿಂದ ಓದುತ್ತಾಳೆ.

ಇದನ್ನು ಬರೆಯುತ್ತಿರುವುದು ಒಂದು ಗುರುವಾರ, ಮಧ್ಯಾಹ್ನ ಮೂರೂಕಾಲು. ಮೊನ್ನೆ 20 ಮುಗಿಯಿತು. ಆರಿದ್ರ ಮಳೆ ಹುಟ್ಟಿದೆ. ಇವತ್ತು ಏನೂ ಉಕ್ಕಿ ಬಂದಿಲ್ಲ. ಕಿಟಕಿಯಿಂದ ನೋಡಿದರೆ ಜೋಗಿಮಟ್ಟಿ ಬೆಟ್ಟದ ಕಡೆ ಮೋಡ ಕಟ್ಟಿದೆ. ಅಪ್ಪನಿಗೆ ಫೋನ್ ಮಾಡಿದೆ.

"ಅಲ್ಲಿ ಮಳೆ ಬಂತಾ ಅಪ್ಪಾ?"

"ರಾತ್ರಿ ಚೆನ್ನಾಗಿ ಹೊಯ್ತವ್ವ. ಇನ್ನೂ ಹಸಿ ಐತೆ, ನಾಳಿದ್ದು ನೋಡಾಣ."

"ಈಗೇನು ಮಾಡ್ತಾ ಇದೀಯಾ?"

"ಕೂರಿಗೆ ಒರೆಸ್ತಾ ಕೂತಿದೀನಿ."